ಮುಂದಿನ ಸೀಟು

ಹಳೇ ವಿಮಾನಗಳನ್ನು ನೋಡಲು ಊರಿಗೆ ಊರೇ ಮೈದಾನಕ್ಕೆ ಬಂದಿತ್ತು. ವಾಚ್ ರಿಪೇರಿಯವಳು ಮಾತ್ರ ಗಂಡನ ಮಾತು ಮೀರಲಾರದೆ, ಅಂಗಡಿಗೆ ಬೀಗ ಹಾಕಿ ಬಂದಿದ್ದಳು. ಗಂಡನಿಗೆ ಈ ವಿಮಾನಗಳೆಂದರೆ ಪ್ರಾಣ. ಹೆಂಡತಿ ಮನೆಯಲ್ಲಿ ಜ್ವರದಿಂದ ನರಳುತ್ತಿದ್ದರೂ ಭಾನುವಾರ ಅವರ ಕಿವಿಗೆ ಬೀಳುತ್ತಿದ್ದದ್ದು ಇಂಜಿನ್ನಿನ ಸದ್ದೊಂದೇ.

ಮೇಲೊಂದು ಕೆಳಗೊಂದು ರೆಕ್ಕೆಯ, ನೆತ್ತಿ ತೆರೆದ ಹಳದಿ ವಿಮಾನ. ಒಂದರ ಹಿಂದೊಂದು ಎರಡೇ ಸೀಟು, ಹಿಂದಿನದು ಓಡಿಸುವ ಗಂಡನದು. ಅವರು ಅವಳನ್ನು ಮುಂದಿನದರಲ್ಲಿ ಕೂರಿಸಿ, ಹೆಗಲಿಗೂ ಸೊಂಟಕ್ಕೂ ಬೆಲ್ಟು ಬಿಗಿದು, ಚರ್ಮದ ಟೋಪಿ ತೊಡಿಸಿದರು. ಟೋಪಿಯ ಕಿವಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿತ್ತು.

"ಹಿಂದಿನಿಂದ ನಾನು ಮಾತಾಡಿದ್ದು ಇದ್ರಲ್ಲಿ ಕೇಳಿಸುತ್ತೆ," ಅಂದರು.

"ನಾನು ಮಾತಾಡಿದ್ದು?"

"ಅದಕ್ಕೆ ಕೊಳವೆ ಇಲ್ಲ. ಆಗಿನ ಕಾಲದ್ದು ಹಾಗೇ."

ಆಗಿನ ಕಾಲದ್ದೇ ಏಕೆ, ಈಗಿನದೂ ಹಾಗೇ, ಎಂದುಕೊಂಡಳು ಅವಳು.

ಮೇಲೇರಿದಾಗ ನಿಜಕ್ಕೂ ಖುಷಿಯಾಯಿತು. ಕೆಳಗೆ ಕಾರುಗಳು, ಛತ್ರಿಗಳು, ಬಟ್ಟೆ ಒಣಹಾಕಿದ ತಾರಸಿಗಳು, ಎಲ್ಲ ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರದಂತೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅಷ್ಟರಲ್ಲಿ ಕೊಳವೆಯಲ್ಲಿ ಗಂಡನ ದನಿ ಬಂತು.

"ಒಂದು ವಿಷ್ಯ ಹೇಳ್ಬೇಕಿತ್ತು. ನಿನ್ನ ಅಂಗಡೀನ ನಮ್ಮ ವಿಮಾನದ ಕ್ಲಬ್ಬಿನ ಆಫೀಸಿಗೆ ಬಿಟ್ಟುಕೊಡ್ತೀವಿ ಅಂತ ಮಾತು ಕೊಟ್ಟಿದೀನಿ. ಸೆಕ್ರೆಟರಿ ಇವತ್ತೇ ಮೈಕಲ್ಲಿ ಹೇಳ್ತಾನೆ. ನಿಂಗೂ ಕಣ್ಣು ಮಂಜಾಗ್ತಿದೆ. ದುಡಿದಿದ್ದು ಸಾಕು ಬಿಡು."

ಅಪ್ಪ ಕಲಿಸಿದ ಕೆಲಸ, ಅಪ್ಪ ಬಿಟ್ಟುಹೋದ ಅಂಗಡಿ. ತನ್ನದು ಅಂತ ಅವಳಿಗಿದ್ದದ್ದು ಅದೊಂದೇ. "ಬೇಡ ರೀ" ಎಂದು ಕಿರುಚಿದಳು. ಗಾಳಿ ಅದನ್ನು ತುಟಿಯಲ್ಲೇ ಕಸಿದುಕೊಂಡಿತು. ತಿರುಗೋಣವೆಂದರೆ ಬೆಲ್ಟು ಬಿಡದು, ಎದ್ದು ಹೋಗೋಣವೆಂದರೆ ಎಲ್ಲಿಗೆ? ಎದುರು ಮಾತಾಡಲಾಗದ ಜಾಗ ನೋಡಿಯೇ ಈ ಮಹಾರಾಯರು ಬಾಯಿ ಬಿಟ್ಟಿದ್ದಾರೆ ಎಂದು ಹೊಳೆದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಕಾಲುಗಳ ನಡುವೆ ವಿಮಾನ ತಿರುಗಿಸುವ ಒಂದು ಹಿಡಿಕೋಲಿತ್ತು. ಅವರು ಹಿಂದೆ ತಮ್ಮದನ್ನು ಆಡಿಸಿದಂತೆಲ್ಲ ಇದೂ ಆಡುತ್ತಿತ್ತು. ಎರಡಕ್ಕೂ ಒಳಗೇ ಜೋಡಣೆ. ಮೈದಾನದ ಕಡೆ ತಿರುಗಲೆಂದು ಅದು ಎಡಕ್ಕೆ ವಾಲತೊಡಗಿತು. ಅವಳು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

"ಕೈ ಬಿಡು."

ಬಿಡಲಿಲ್ಲ.

"ಹುಚ್ಚಾಟ ಆಡ್ಬೇಡ ಕಣೇ, ಇಬ್ರೂ ಸಾಯ್ತೀವಿ."

ವಿಮಾನ ಮೈದಾನ ದಾಟಿ ನೆಟ್ಟಗೆ ಹೊರಟಿತು. ಕೋಲು ಎರಡು ಸಲ ಎಡಕ್ಕೆ ಜಗ್ಗಿತು. ಅವಳು ಹಿಡಿತ ಸಡಿಲಿಸಲಿಲ್ಲ. ಕೊನೆಗೆ ಸಣ್ಣ ದನಿಯೊಂದು ಬಂತು: "ಅಂಗಡಿ ಕೊಡೋದು ಬೇಡ್ವಾ? ಬೇಡ ಅಂದ್ರೆ ಕೈ ಬಿಡು."

ಅವಳು ಬಿಟ್ಟಳು.

ನೆಲಕ್ಕಿಳಿದು ಇಂಜಿನ್ ನಿಂತದ್ದೇ ಜನ ಮುತ್ತಿಕೊಂಡರು. ಮೈಕು ಹಿಡಿದು ಮುಂದೆ ಬಂದವನು ಸೆಕ್ರೆಟರಿ, ಗಂಡನ ಹಳೇ ಗೆಳೆಯ. "ಯಾಕೋ, ಮೈದಾನ ಬಿಟ್ಟು ಎಲ್ಲಿಗೋ ಹೊರಟುಬಿಟ್ಟಿದ್ದೆ?"

"ಇವಳು ಹೆದರಿ ಕೋಲು ಹಿಡ್ಕೊಂಡ್‌ಬಿಟ್ಲು," ಎಂದರು ಗಂಡ, ಕೆಳಗಿನ ರೆಕ್ಕೆಯ ಮೇಲೆ ನಿಂತು ನಗುತ್ತ. ಎಲ್ಲರೂ ನಕ್ಕರು.

"ನಾನು ಹೆದರಿ ಹಿಡೀಲಿಲ್ಲ. ಅಂಗಡಿ ಕೊಡಲ್ಲ ಅಂತ ಹಿಡಿದೆ," ಎಂದಳು ಅವಳು, ಇನ್ನೂ ಸೀಟಿನಲ್ಲೇ ಕೂತು.

"ಪಾಪ, ಅತ್ತಿಗೆಗೆ ಇನ್ನೂ ನಡುಕ ಹೋಗಿಲ್ಲ. ಯಾರಾದ್ರೂ ನೀರು ಕೊಡ್ರಪ್ಪ," ಎಂದ ಸೆಕ್ರೆಟರಿ, ಮೈಕಿನಲ್ಲೇ. ನಗು ಮೈದಾನದ ಆ ತುದಿಯವರೆಗೂ ಹೋಯಿತು.

ಅಂಚಿನವರೆಗೆ ತುಂಬಿದ ಲೋಟ ಕೈಗೆ ಬಂತು. ಅವಳು ಕುಡಿಯಲಿಲ್ಲ. ಅಂಗೈ ಮೇಲಿಟ್ಟುಕೊಂಡು ಗಂಡನ ಮುಖದ ಮುಂದೆ ಚಾಚಿದಳು. ನೀರು ಅಲುಗಲಿಲ್ಲ. ಮುಂದೆ ನಿಂತವರ ನಗು ಮೊದಲು ನಿಂತಿತು, ಆಮೇಲೆ ಹಿಂದಿನವರದು.

"ರೀ, ಬೆಲ್ಟು ಬಿಚ್ಚಿ."

ಅವರು ಬಗ್ಗಿ ಕೊಂಡಿಗೆ ಕೈಹಾಕಿದರು. ಪ್ರತಿ ಭಾನುವಾರ ಬಿಚ್ಚುವ ಕೊಂಡಿ ಇವತ್ತು ಕೈಗೆ ಸಿಗಲೊಲ್ಲದು.

"ಮೇಲೆ ನಾನು ಏನಂದೆ, ಹೇಳಿ."

"ನೀನು ಬೇಡ ಅಂದೆ," ಎಂದರು, ಕೊಂಡಿಗೆ ಮಾತ್ರ ಕೇಳಿಸುವಷ್ಟು.

"ಮೈಕಲ್ಲಿ," ಎಂದಳು.