ಹುಲ್ಲುಹಾಸಿನ ಚೇಣಿ

ನನ್ನ ಗಂಡ ದುರ್ಗೇಶನಿಗೆ ಎಂಥ ಹುಲ್ಲನ್ನು ಬೇಕಾದರೂ ಕತ್ತರಿಸಲು ಬರುತ್ತದೆ, ಅದಕ್ಕೆ ದರ ಹೇಳಲು ಮಾತ್ರ ಬರುವುದಿಲ್ಲ. ದರದ ಮಾತು ಬಂತೆಂದರೆ ಆಕಾಶ ನೋಡುತ್ತಾನೆ, ಯಂತ್ರದ ಬ್ಲೇಡು ಒರೆಸುತ್ತಾನೆ, ಕೊನೆಗೆ "ನಿಮಗೆ ತೋಚಿದ್ದು ಕೊಡಿ" ಎನ್ನುತ್ತಾನೆ. ಅಯ್ಯೋ, ಇಂಥವನನ್ನು ಕಟ್ಟಿಕೊಂಡು ವ್ಯವಹಾರ ನಡೆಸುವುದು ಹುಡುಗಾಟವೇ? ಅದಕ್ಕೇ ಸಾಗರದಲ್ಲಿ ನಮ್ಮ ಗಾರ್ಡನ್ ಕೆಲಸ ಶುರುವಾದಾಗಿನಿಂದ ಹುಲ್ಲು ಅವನ ಪಾಲಿಗೆ, ದರ ನನ್ನ ಪಾಲಿಗೆ.

ಈಗ ಹೋಂಸ್ಟೇ ಇಲ್ಲದ ಊರಿಲ್ಲ, ಲಾನ್ ಇಲ್ಲದ ಹೋಂಸ್ಟೇ ಇಲ್ಲ. ಕೆಲಸಕ್ಕೆ ಬರವಿಲ್ಲ, ದರಕ್ಕೇ ಜಗಳ. ಸಾಗರದವರು ಫೋನಿನಲ್ಲೇ ರೇಟು ಕೇಳಿ, "ಇನ್ನೊಬ್ಬ ಅರ್ಧಕ್ಕೆ ಮಾಡ್ತಾನಂತೆ" ಎಂದು ಇಟ್ಟುಬಿಡುತ್ತಾರೆ. ಆ ಇನ್ನೊಬ್ಬ ಯಾರೆಂದು ನನಗಿನ್ನೂ ಗೊತ್ತಾಗಿಲ್ಲ. ಸಿಕ್ಕರೆ ಅವನನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ಹೊಸನಗರದವರು ರೇಟೇ ಕೇಳುವುದಿಲ್ಲ. ಕೂರಿಸಿ, ಕಡುಬು ಹಾಕಿ, ಮೇಲೆ ತುಪ್ಪ ಸುರಿದು, ಆಮೇಲೆ "ಎಷ್ಟಾಯ್ತು?" ಎನ್ನುತ್ತಾರೆ. ತಿಂದ ಬಾಯಲ್ಲಿ ಪೂರ್ತಿ ದರ ಹೊರಡುವುದುಂಟೇ? ತೀರ್ಥಹಳ್ಳಿಯವರದು ಬೇರೆಯೇ ಧಾಟಿ. "ತನ್ನಷ್ಟಕ್ಕೆ ಬೆಳೆಯೋ ಹುಲ್ಲಿಗೆ ನಾನ್ಯಾಕೆ ದುಡ್ಡು ಕೊಡ್ಬೇಕು ಹೇಳು ನೋಡಾಣ" ಎಂದು ಬುಡದಿಂದಲೇ ಚರ್ಚೆಗೆ ಕೂರುತ್ತಾರೆ.

ಇದರ ಮೇಲೆ ಋತುಮಾನ ಬೇರೆ. ಜೋಗದ ಕಡೆ ಮಳೆಗಾಲದಲ್ಲಿ ಜನ ತುಂಬುತ್ತಾರೆ, ಹುಲ್ಲೂ ತುಂಬುತ್ತದೆ. ಹೊನ್ನೆಮರಡಿನ ಹಿನ್ನೀರಿಗೆ ಜನ ಬರುವುದು ಮಳೆ ಬಿಟ್ಟ ಮೇಲೆ. ಆಗ ಹುಲ್ಲು ಮಲಗಿರುತ್ತದೆ, ನೀರು ಹಾಯಿಸಿ ಎಬ್ಬಿಸುವುದೇ ಕೆಲಸ. ನಾನು ತಲೆ ಕೆಡಿಸಿಕೊಂಡು ಮಳೆ ದರ, ಇಬ್ಬನಿ ದರ, ಬಿಸಿಲು ದರ ಎಂದು ಬೇರೆ ಬೇರೆ ಮಾಡಿದ್ದೆ. ಆರಿದ್ರಾ ಮಳೆ ಹಿಡಿಯಿತೆಂದರೆ ದರ ಏರುತ್ತದೆ, ಯಾರ ಕಡುಬಿಗೂ ಇಳಿಯುವುದಿಲ್ಲ.

ಇಷ್ಟೆಲ್ಲ ಹಠ ಯಾಕೆಂದರೆ ಮಾವ ಭೂತಪ್ಪ ಗಡುವು ಕೊಟ್ಟಿದ್ದರು. ದೀಪಾವಳಿಯೊಳಗೆ ನಮ್ಮ ಕೆಲಸ ಕಾಲೂರದಿದ್ದರೆ ಯಂತ್ರ ಮಾರಿ, ದುರ್ಗೇಶ ಅವರ ಸಿಮೆಂಟ್ ಅಂಗಡಿಯಲ್ಲಿ ಕೂರಬೇಕು. ನನಗೆ ಈ ಕೆಲಸ ಬೇಕಿತ್ತು. ಹೊಸದಾಗಿ ಕತ್ತರಿಸಿದ ಹುಲ್ಲಿನ ವಾಸನೆ ಬೇಕಿತ್ತು, ವ್ಯಾನಿನಲ್ಲಿ ಇಬ್ಬರೂ ಊರೂರು ಸುತ್ತುವುದು ಬೇಕಿತ್ತು. ಗಂಡ ಸಿಮೆಂಟಿನ ಧೂಳಿನಲ್ಲಿ ಕೂತು ಬೆಳ್ಳಗಾಗುವುದು ಬೇಡವಾಗಿತ್ತು.

ಬೇಸಿಗೆಯ ಕೊನೆಗೆ ನಾನು ಜ್ವರ ಬಂದು ಮಲಗಿದ್ದಾಗ ದುರ್ಗೇಶ ಒಬ್ಬನೇ ಮಂಡಗದ್ದೆಯ ಕಾಮಾಕ್ಷಮ್ಮನವರ ಮನೆಗೆ ಹೋಗಿಬಂದ. ಕಾಮಾಕ್ಷಮ್ಮ ರಿಟೈರಾದ ಟೀಚರ್. ತೋಟವೂ ಉಂಟು, ತುಂಗೆಯ ದಡದಲ್ಲಿ ಹೋಂಸ್ಟೇಯೂ ಉಂಟು. ಮಳೆಗಾಲದಲ್ಲಿ ಹಕ್ಕಿ ನೋಡಲು ಬಂದವರೆಲ್ಲ ಅಲ್ಲೇ ಇಳಿಯುತ್ತಾರೆ. ಅಷ್ಟು ದೊಡ್ಡ ಹುಲ್ಲುಹಾಸು ನಮ್ಮ ಗಿರಾಕಿಗಳಲ್ಲಿ ಇನ್ಯಾರಿಗೂ ಇಲ್ಲ.

"ಮುಗಿಸ್ಕೊಂಡೇ ಬಂದೆ ಮಾರಾಯ್ತಿ!" ಎಂದ ದುರ್ಗೇಶ. "ವರ್ಷಕ್ಕೆ ನಲವತ್ತು ಸಾವಿರ. ದೀಪಾವಳಿಗೆ ಒಟ್ಟಿಗೆ."

"ಮಳೆ ದರ, ಇಬ್ಬನಿ ದರ ಎಲ್ಲ ಹೇಳ್ದ್ಯಾ?"

"ಹೇಳಕ್ಕೆ ಹೋದೆ. ಆ ತಲೆಬಿಸಿ ಬೇಡ, ತೋಟದ ಹಾಗೆ ಇದನ್ನೂ ಚೇಣಿ ಮಾಡ್ಕೊ, ಎಷ್ಟಕ್ಕೆ ಹೇಳು ಅಂದ್ರು. ನಲವತ್ತು ಅಂದೆ. ಖುಷಿಲಿ ಒಪ್ಪಿದ್ರು."

ಚೇಣಿ ಅಡಿಕೆ ತೋಟದವರ ಪದ್ಧತಿ. ಫಸಲು ಮರದಲ್ಲಿ ಇರುವಾಗಲೇ ವರ್ಷದ ಬೆಳೆಗೆ ಒಂದು ಮೊತ್ತ ಮಾತಾಡಿ ಮುಗಿಸುವುದು. ಆಮೇಲೆ ಧಾರಣೆ ಏರಲಿ, ಇಳಿಯಲಿ, ಆಡಿದ ಮಾತು ಆಡಿದ್ದೇ. ಮುರಿದವರ ಹತ್ತಿರ ಮತ್ತೆ ಯಾರೂ ವ್ಯವಹಾರಕ್ಕೆ ಬರುವುದಿಲ್ಲ.

"ಮಳೆಗಾಲದ ಹುಲ್ಲಿಗೆ ಬೇಸಿಗೆಲಿ ಬೆಲೆ ಕಟ್ತಾರಾ ಯಾರಾದ್ರೂ? ಬುದ್ಧಿ ಎಲ್ಲಿ ಇಟ್ಟಿದ್ದೆ?" ಎಂದು ಜ್ವರದಲ್ಲೇ ಎದ್ದು ಕೂತು ಬೈದೆ. ಬೈಯಬೇಕಾದ ವಿಷಯ ಬೇರೆಯೇ ಇತ್ತು. ಅದು ಹೊಳೆಯಲಿಲ್ಲ.

ಆ ಮಳೆಗಾಲ ಹುಲ್ಲು ನಮ್ಮ ಮೇಲೆ ಹಗೆ ಸಾಧಿಸಿತು. ಯಂತ್ರ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಮತ್ತೆ ಎದ್ದಿರುತ್ತಿತ್ತು. ದುರ್ಗೇಶನ ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದವು, ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಕತ್ತರಿಸಿದ್ದನ್ನು ಮೂಟೆ ಕಟ್ಟಿ ಅತ್ತೆ ಗುತ್ಯಮ್ಮನ ಎಮ್ಮೆಗೆ ಒಯ್ಯುತ್ತಿದ್ದೆವು. ಮನೆಯಲ್ಲಿ ಆ ವರ್ಷ ದುಂಡಗಾದದ್ದು ಎಮ್ಮೆಯೊಂದೇ. ಕಾಮಾಕ್ಷಮ್ಮ ಜಗುಲಿಯಲ್ಲಿ ನಿಂತು, "ಹೆಂಗೆ ಸ್ವಾತಿ, ಈ ಸಲ ಬೆಳೆ ಜೋರಲ್ಲನಾ?" ಎಂದು ಕೇಳುತ್ತಿದ್ದರು. ತಮಾಷೆ ಮಾಡುತ್ತಾರೆ ಎಂದುಕೊಂಡು ನಾನೂ ಹಲ್ಲು ಬಿಡುತ್ತಿದ್ದೆ.

ದೀಪಾವಳಿ ಹತ್ತಿರ ಬಂದಾಗ ಇಬ್ಬರೂ ಹೋದೆವು. ಕಾಮಾಕ್ಷಮ್ಮನವರ ಮೊಮ್ಮಗಳು ಧೃತಿಯ ನಿಶ್ಚಿತಾರ್ಥ ಮರುದಿನ ಅದೇ ಹುಲ್ಲುಹಾಸಿನ ಮೇಲೆ ನಡೆಯುವುದಿತ್ತು. ಬಾಡಿಗೆ ಕುರ್ಚಿಗಳ ಲಾರಿ ಆಗಷ್ಟೇ ಬಂದು ನಿಂತಿತ್ತು. ಕಾಮಾಕ್ಷಮ್ಮ ಕಾಫಿ ಕೊಟ್ಟು, ಎದುರು ಕೂತು, ನಗುತ್ತ ಕೈ ಚಾಚಿದರು.

"ತಂದ್ರಾ?"

"ಎಂತದಮ್ಮ?"

"ಎಂತದು ಅಂದ್ರೆ? ನಲವತ್ತು ಸಾವಿರ, ಚೇಣಿ ದುಡ್ಡು!"

ನನ್ನ ಕಾಫಿ ನೆತ್ತಿಗೇರಿತು. "ಕೊಡೋದು ನೀವಲ್ವಾ?"

"ನಾನಾ? ಚಂದ ಆಯ್ತು! ನಮ್ಮ ತೋಟದ ಚೇಣಿ ಹಿಡಿಯೋ ಹೂವಯ್ಯ ಅಡಿಕೆ ಕೊಯ್ದು ನಂಗೆ ದುಡ್ಡು ಕೊಡ್ತಾನೋ, ನಾನು ಅವನಿಗೆ ಕೊಡ್ತೀನೋ? ಕೊಯ್ದು ಹೊತ್ಕೊಂಡು ಹೋಗೋರು ಕೊಡೋದಪ್ಪ. ಹುಲ್ಲು ಕೊಯ್ದವರ್ಯಾರು? ವ್ಯಾನಿಗೆ ತುಂಬಿದವರ್ಯಾರು? ನಿನ್ನ ಗಂಡ ನಲವತ್ತು ಅಂದಾಗ ನಂಗೇ ಆಶ್ಚರ್ಯ ಆಯ್ತು. ಹುಲ್ಲಿಗೂ ಇಷ್ಟು ಧಾರಣೆ ಬಂತಲ್ಲ, ಪುಣ್ಯ ಅಂದ್ಕೊಂಡೆ."

ದುರ್ಗೇಶ ಆಕಾಶ ನೋಡಲು ಶುರು ಮಾಡಿದ್ದ. ಮುದುಕಿ ಮೋಸ ಮಾಡುತ್ತಿದ್ದರೆ ನನಗೆ ಸುಲಭವಿತ್ತು, ಬಾಯಿ ಇದೆಯಲ್ಲ. ಆದರೆ ಆಕೆಯ ಮುಖ ನೋಡಿದರೆ ಅಪ್ಪಟ ನಂಬಿಕೆ. "ಚೇಣಿ ಮಾತಾಡಿ ತಪ್ಪೋ ಜನ ನೀವಲ್ಲ ಅಂದ್ಕೊಂಡಿದ್ದೆ" ಎನ್ನುವಾಗ ದನಿ ನಿಜವಾಗಿಯೂ ಸಣ್ಣಗಾಯಿತು. ಜಗಳ ಆಡಿದರೆ ನಾವು ಸಾಗರ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ. ದುಡ್ಡು ಕೊಟ್ಟರೆ ಸಿಮೆಂಟ್ ಅಂಗಡಿ. ಮಳೆಗಾಲವಿಡೀ ಇಂಬಳಕ್ಕೆ ರಕ್ತ ಕೊಟ್ಟು, ಮೇಲೆ ದುಡ್ಡನ್ನೂ ಕೊಡುವುದೇ! ಸಿಟ್ಟಿಗೆ ಅಳು ಬರುವ ಹಾಗಾಯಿತು. ಅಳಬಾರದೆಂದು ಆಚೆ ನೋಡಿದೆ. ಅಂಗಳದಲ್ಲಿ ಕುರ್ಚಿ ಇಳಿಸುತ್ತಿದ್ದರು.

"ಆಯ್ತಮ್ಮ" ಎಂದೆ. "ಚೇಣಿ ಅಂದ್ಮೇಲೆ ಚೇಣಿಯೇ."

ಎದ್ದು ವ್ಯಾನಿಗೆ ಹೋಗಿ, ಅಳತೆಗೆ ಇಟ್ಟುಕೊಂಡಿದ್ದ ಹಗ್ಗ ತಂದೆ. ಹುಲ್ಲುಹಾಸಿನ ಮೂಲೆಯ ಲೈಟು ಕಂಬಕ್ಕೆ ಒಂದು ತುದಿ ಕಟ್ಟಿ, ಸುತ್ತಲೂ ಎಳೆಯತೊಡಗಿದೆ. ಕುರ್ಚಿ ಹೊತ್ತವರು ನಿಂತಲ್ಲೇ ನಿಂತರು.

"ಎಂತ ಮಾಡ್ತಿದೀಯೇ?" ಕಾಮಾಕ್ಷಮ್ಮ ಓಡಿಬಂದರು.

"ಬೆಳೆ ಕಾಯ್ತಿದೀನಿ. ನಮ್ಮ ವರ್ಷ ಮುಗಿಯೋದು ಮುಂದಿನ ಬೇಸಿಗೆಗೆ. ಅಲ್ಲಿ ತನಕ ಇಲ್ಲಿನ ಫಸಲು ನಂದು ತಾನೆ? ಹೂವಯ್ಯ ಚೇಣಿ ಹಿಡಿದ ಮರದ ಅಡಿಕೆಗೊನೆ ಮೇಲೆ ನೀವು ಕುರ್ಚಿ ಹಾಕಿ ಕೂರ್ತೀರಾ?"

"ಅಯ್ಯೋ, ನಾಳೆ ನಿಶ್ಚಿತಾರ್ಥ ಮಾರಾಯ್ತಿ!"

"ಚೇಣಿ ಕೊಟ್ಟ ಮೇಲೆ ಕೊಯ್ಲಿನ ತನಕ ಬೆಳೆ ಕಾಯೋದು ತೋಟದವರ ಜವಾಬ್ದಾರಿ ಅಲ್ವಾ ಅಮ್ಮ? ನಿಮ್ಮ ಗೆಸ್ಟುಗಳು ಇದರ ಮೇಲೆ ಶಟಲ್ ಆಡಿದ್ರು, ಬೆಂಕಿ ಹಾಕಿ ಕುಣಿದ್ರು. ಆ ಮೂಲೆ ಇನ್ನೂ ಬೋಳಾಗಿದೆ. ನಾನು ಬಾಯಿ ಬಿಟ್ನಾ?"

ಕಾಮಾಕ್ಷಮ್ಮ ಬೋಳು ಮೂಲೆ ನೋಡಿದರು, ಹಗ್ಗ ನೋಡಿದರು, ಕುರ್ಚಿ ಹೊತ್ತವರನ್ನು ನೋಡಿದರು. ನಾನು ಇನ್ನೊಂದು ಗಂಟು ಬಿಗಿದೆ.

"ಹಂಗಾದ್ರೆ ನನ್ನ ಮನೆ ಅಂಗಳದಲ್ಲಿ ನಾನು ಕಾಲಿಡಕ್ಕೂ ನಿನ್ನ ಕೇಳ್ಬೇಕಾ?"

"ಕೇಳ್ಬೇಕು. ಅದಕ್ಕೆ ದರ ಇದೆ."

"ಎಷ್ಟು?"

"ವರ್ಷಕ್ಕೆ ಎಂಬತ್ತು ಸಾವಿರ. ಅದರಲ್ಲಿ ನಾನು ಕೊಡ್ಬೇಕಾದ ನಲವತ್ತು ಮುರ್ಕೊಳ್ಳಿ."

ಕಾಮಾಕ್ಷಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ ನಗತೊಡಗಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸುಸ್ತಾಗಿ, ಅದೇ ಬಾಡಿಗೆ ಕುರ್ಚಿಯೊಂದರಲ್ಲಿ ಕೂತುಬಿಟ್ಟರು. "ನ್ಯಾಯ ಅಂದ್ರೆ ನ್ಯಾಯವೇ, ತಗೋ" ಎಂದು ಒಳಗಿಂದ ದುಡ್ಡು ತರಿಸಿದರು. "ಆದ್ರೆ ನನ್ನ ಹುಲ್ಲು ತಿಂದ ಎಮ್ಮೆ ಕರು ಹಾಕಿದಾಗ ಗಿಣ್ಣು ಹಾಲು ನಂಗೂ ಬರ್ಬೇಕು. ಮುಂದಿನ ವರ್ಷ ಮಾತಾಡಕ್ಕೆ ನೀನೇ ಬಾ. ಈ ಆಕಾಶ ನೋಡೋನನ್ನ ಕಳಿಸ್ಬೇಡ." ಹಗ್ಗ ಬಿಚ್ಚಿ, ಕುರ್ಚಿ ಸಾಲಾಗಿ ಇಡಲು ನಾನೂ ಕೈಹಾಕಿದೆ.

ಮನೆಗೆ ಬಂದು ದುರ್ಗೇಶ ದುಡ್ಡನ್ನು ಅಪ್ಪನ ಮುಂದಿಟ್ಟು ಕಥೆಯನ್ನೆಲ್ಲ ಹೇಳಿದ. ತಾನು ಆಕಾಶ ನೋಡಿದ್ದನ್ನೂ ಬಿಡದೆ ಹೇಳಿದ, ಪಾಪ. ಮಾವ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿ ಕೇಳಿದರು.

"ಹಂಗಾದ್ರೆ ಇವನು ಹುಲ್ಲಿಗೇ ಇರ್ಲಿ" ಎಂದರು ಕೊನೆಗೆ. "ಸಿಮೆಂಟ್ ಅಂಗಡಿಗೆ ಸ್ವಾತಿನೇ ಬರ್ಲಿ."

"ಬರ್ತೀನಿ ಮಾವ" ಎಂದೆ. "ಅದಕ್ಕೂ ದರ ಇದೆ."

ಮಾವ ಎಷ್ಟು ಎಂದು ಕೇಳಲಿಲ್ಲ. ಎಲೆಯಡಿಕೆ ಉಗಿದು ಬರುವ ನೆಪದಲ್ಲಿ ಎದ್ದು ಹೋದರು. ಸಿಮೆಂಟಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬಂದಿಲ್ಲ.