ಅಕ್ಕನ ಮನೆಯಲ್ಲಿ ಬಾರದ ಕೆಮ್ಮು

ದರ್ಜಿಯ ಹೆಂಡತಿಗೆ ಕೆಮ್ಮು ಕಾಡುತ್ತಿದ್ದುದು ಗಂಡನ ಮನೆಯಲ್ಲಿ ಮಾತ್ರ. ಅಕ್ಕನ ಮನೆಗೆ ಹೋದರೆ ಎದೆ ಹಗುರ, ಕಣ್ತುಂಬ ನಿದ್ದೆ. ಮರಳಿದ ದಿನವೇ ಮತ್ತೆ ಗೊರಗೊರ. ಬಸ್‌ಸ್ಟ್ಯಾಂಡಿನ ಎದುರು ಹೊಲಿಗೆಯಂಗಡಿ, ಅದರ ಮೇಲೊಂದು ಕೋಣೆ, ಇಷ್ಟೇ ಅವರ ಸಂಸಾರ.

“ನಿನ್ ಗಂಡನ ಮುಖ ಕಂಡ್ರೆ ನಿನ್ ಎದೆಗೆ ಆಗಲ್ಲ ಅಂತ ಕಾಣತ್ತೆ ಕಣೇ,” ಎಂದು ಅಕ್ಕ ಫೋನಿನಲ್ಲಿ ನಕ್ಕದ್ದು ದರ್ಜಿಯ ಕಿವಿಗೂ ಬಿತ್ತು. ತಮಾಷೆಯ ಮಾತೇ. ಆದರೂ ಅವನಿಗೆ ಚುಚ್ಚಿತು. ಅಲ್ಲಿಲ್ಲದೆ ಇಲ್ಲಿರುವುದು ತಾನೊಬ್ಬನೇ ಅಲ್ಲವೆ? ಗಾಳಿ ಕೆಟ್ಟಿದ್ದರೆ ತನಗೂ ಕೆಮ್ಮು ಬರಬೇಕಿತ್ತು, ತಾನು ಗುಂಡುಕಲ್ಲಿನ ಹಾಗಿದ್ದೇನೆ!

ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟ. ಸೋಪು ಬದಲಿಸಿದ. ಬಟ್ಟೆಯ ನಾರು ಅಂಟಿರಬಹುದೆಂದು ಮೆಟ್ಟಿಲ ಬಳಿಯೇ ಅಂಗಿ ಕೊಡವಿದ. ಯಾವುದಕ್ಕೂ ಕೆಮ್ಮು ಜಗ್ಗದಿದ್ದಾಗ ಚಾಪೆ ಸುತ್ತಿಕೊಂಡು ಅಂಗಡಿಯಲ್ಲೇ ಮಲಗತೊಡಗಿದ.

“ನಾನೇನಂದೆ ಅಂತ ಈ ಮುನಿಸು?” ಎಂದಳು ಹೆಂಡತಿ.

“ಮುನಿಸಲ್ವೇ. ನಾನು ನಿನಗೆ ಒಗ್ತಿಲ್ಲ.”

“ಮಕ್ಕಳ ಮದುವೆ ಆದ್ಮೇಲೆ ಗೊತ್ತಾಯ್ತಾ ಇದು?” ಎಂದವಳ ನಗು ಕೆಮ್ಮಿನಲ್ಲಿ ಮುಳುಗಿತು. ಅವನು ಗಾಬರಿಯಿಂದ ದೂರ ಸರಿದ.

ಈ ಸಲ ಅವಳು ಅಕ್ಕನ ಮನೆಗೆ ಅವನನ್ನೂ ಎಳೆದುಕೊಂಡು ಹೋದಳು. ಊರಾಚೆಯ ಗುಡ್ಡದ ಬದಿಯ ಮನೆ. ಅವನು ಜಗಲಿಯಲ್ಲಿ ಚಾಪೆ ಬಿಡಿಸಿದ.

“ಏನ್ ದರ್ಜಿಗಳೇ, ಕಾವಲಿಗೆ ಬಂದ್ರಾ?” ಎಂದು ಅಕ್ಕ ಅವನನ್ನು ಒಳಗಟ್ಟಿದಳು. ಇದ್ದಷ್ಟು ದಿನವೂ ಹೆಂಡತಿಯ ಮಗ್ಗುಲಲ್ಲೇ ಮಲಗಿದ. ಅವಳ ಕೆಮ್ಮು ನಿಂತೇಹೋಯಿತು.

“ನೋಡಿದ್ಯಾ! ನಾನಲ್ಲ!”

“ಮತ್ಯಾರು?”



ಊರಿಗೆ ಮರಳಿ ಬಸ್ಸಿಳಿದು ರಸ್ತೆ ದಾಟುವಷ್ಟರಲ್ಲೇ ಅವಳಿಗೆ ಕೆಮ್ಮು ಒತ್ತರಿಸಿ ಬಂತು. ಕಿಟಕಿಯ ಕೆಳಗೆ ಸಾಲುಗಟ್ಟಿದ ಬಸ್ಸುಗಳು ಇಂಜಿನ್ ಆರಿಸದೆ ಗುರುಗುಡುತ್ತಿದ್ದವು. ಹೊಗೆ ಗೋಡೆ ಹತ್ತಿ ನೇರ ಕೋಣೆಗೆ ನುಗ್ಗುತ್ತಿತ್ತು. ದಿನಾ ಕಂಡದ್ದನ್ನು ಅವನು ಇಂದು ನೋಡಿದ.

“ಸ್ವಲ್ಪ ಆಫ್ ಮಾಡಪ್ಪಾ,” ಎಂದು ಒಬ್ಬ ಡ್ರೈವರನಿಗೆ ಹೇಳಿದ.

“ನಾನೊಬ್ಬ ಮಾಡಿದ್ರೆ ಉಳಿದವ್ರು ಮಾಡ್ತಾರಾ ಯಜಮಾನ್ರೇ?”

ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಹೊಗೆ. ಜಾಗ ಬಿಡೋಣವೆಂದರೆ ಹೊಲಿಸುವವರೆಲ್ಲ ಇಳಿಯುವುದು ಈ ಬಸ್ಸುಗಳಿಂದಲೇ. ದರ್ಜಿಗೆ ದಿಕ್ಕೇ ತೋಚಲಿಲ್ಲ.

“ನಾನೇ ಆಗಿದ್ರೆ ಚೆನ್ನಾಗಿತ್ತು ಕಣೇ,” ಎಂದ. “ದೂರ ಮಲಗ್ತಿದ್ದೆ. ಈಗ ಯಾರನ್ನ ದೂರ ಮಲಗಿಸೋದು?”

ಅವಳು ಅವನ ಕೈಹಿಡಿದು ಮೆಟ್ಟಿಲು ಹತ್ತಿದಳು. ನಡುವೆ ನಿಂತು ಕೆಮ್ಮಿ, ಮತ್ತೆ ಹತ್ತಿದಳು.