ಹುರುಳಿ ಕಣದಲ್ಲಿ ನಾಲ್ಕನೆಯ ಗೇರು

೧೯೮೧ನೆಯ ಇಸವಿ ಡಿಸೆಂಬರ್ ಆರನೆಯ ತಾರೀಕು, ಭಾನುವಾರ ಬೆಳಗ್ಗೆ, ಜಯನಗರದ ಶಂಭುಲಿಂಗಪ್ಪನವರ ಫಿಯಟ್ ಕಾರಿನ ಮೀಟರು ಹದಿನೇಳು ಕಿಲೋಮೀಟರು ತೋರಿಸುತ್ತಿತ್ತು. ಕಾರು ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಂಗಡಿಯಿಂದ ದೇವಸ್ಥಾನಕ್ಕೆ, ದೇವಸ್ಥಾನದಿಂದ ಮನೆಗೆ ಬೇರೆಯವರು ಓಡಿಸಿ ತಂದದ್ದನ್ನು ಬಿಟ್ಟರೆ ಅದು ಕಂಡ ಲೋಕವೆಂದರೆ ಷೆಡ್ಡಿನ ಗೋಡೆ.

ಶಂಭುಲಿಂಗಪ್ಪನವರು ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು. ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಅವರು ತಮ್ಮ ಹೆಸರಿನಲ್ಲೊಂದು, ಪತ್ನಿ ಕಮಲಾದೇವಿಯವರ ಹೆಸರಿನಲ್ಲೊಂದು ಅರ್ಜಿ ಹಾಕಿದ್ದರು. ಇದರಲ್ಲಿ ದಾಂಪತ್ಯಪ್ರೇಮದ ಅಂಶವೇನೂ ಇರಲಿಲ್ಲ. ಒಂದು ಅರ್ಜಿಗಿಂತ ಎರಡು ಅರ್ಜಿಗಳಿಗೆ ಬೇಗ ಫಲ ಸಿಗುವ ಸಂಭವ ಹೆಚ್ಚು ಎಂಬುದಷ್ಟೇ. ಲೆಕ್ಕ ಸರಿಹೋಯಿತು, ಆದರೆ ಮೊದಲು ಬಂದದ್ದು ಪತ್ನಿಯ ಹೆಸರಿನದು. ಹೀಗಾಗಿ ಕಮಲಾದೇವಿಯವರು ಐವತ್ತೆರಡನೆಯ ವಯಸ್ಸಿನಲ್ಲಿ ಕಾರಿನ ಒಡತಿಯಾದರು. ಶಂಭುಲಿಂಗಪ್ಪನವರು ಬೀಗದ ಕೈಯ ಒಡೆಯರಾದರು.

“ಕಾರು ನನ್ನ ಹೆಸರಲ್ಲಿದೆ. ನಾನೂ ಕಲೀತೀನಿ” ಎಂದರು ಕಮಲಾದೇವಿ.

ಶಂಭುಲಿಂಗಪ್ಪನವರು ವಿರೋಧಿಸಲಿಲ್ಲ. ಒಂದೇ ಸಲ ಸಾಲಿನಲ್ಲಿ ನಿಂತು ಎರಡು ಕಲಿಕಾ ಲೈಸೆನ್ಸು ಮಾಡಿಸಬಹುದಾದರೆ ಬಸ್ಸಿನ ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ. ಎರಡೂ ಬಂದವು, ಎರಡೂ ಜನವರಿ ಮೂವತ್ತೊಂದಕ್ಕೆ ಮುಗಿಯುವಂಥವು.

“ಆದ್ರೆ ಇಬ್ರೂ ಒಟ್ಟಿಗೆ ಕಲಿಯೋದು ಕ್ರಮ ಅಲ್ಲ” ಎಂದರು ಅವರು. “ಮೊದ್ಲು ನಾನು ಪೂರ್ತಿ ಕಲೀತೀನಿ. ಆಮೇಲೆ ನೀನು.”

“ಪೂರ್ತಿ ಅಂದ್ರೆ ಎಷ್ಟು ದಿನ?”

“ಪೂರ್ತಿ ಅಂದ್ರೆ ಪೂರ್ತಿ.”

ಕಮಲಾದೇವಿಯವರ ಆಸೆ ದೊಡ್ಡದಲ್ಲ. ಅವರ ತಂಗಿ ಜಯದೇವಿ ಮಳವಳ್ಳಿಯಲ್ಲಿದ್ದಳು. ಮೊಣಕಾಲಿನ ನೋವಿನಿಂದ ಹೊಸಿಲು ದಾಟುವುದೇ ಅವಳಿಗೆ ಪ್ರಯಾಣ. ಅವಳನ್ನು ನೋಡಲು ಕಮಲಾದೇವಿಯವರು ಯಜಮಾನರ ಪುರಸೊತ್ತನ್ನು ಕಾಯಬೇಕಾಗಿತ್ತು, ಮತ್ತು ಆ ಪುರಸೊತ್ತು ವರ್ಷಕ್ಕೆರಡು ಸಲ ಬರುತ್ತಿತ್ತು. ತಂಗಿಯ ನೆನಪು ಮಂಗಳವಾರ ಬಂದರೆ ಮಂಗಳವಾರವೇ ಹೋಗಿಬರಬೇಕು, ಯಾರನ್ನೂ ಕೇಳಬಾರದು—ಇಷ್ಟಕ್ಕೇ ಅವರಿಗೆ ಸ್ಟಿಯರಿಂಗು ಬೇಕಾಗಿತ್ತು.

ಕಲಿಸಲು ಗೊತ್ತಾದವನು ಕೋಣನಕುಂಟೆಯ ಬೈಲಪ್ಪ. ಬಹಳ ಕಾಲ ಲಾರಿ ಓಡಿಸಿ ಬಿಟ್ಟವನು. ಭಾನುವಾರಕ್ಕೆ ಇಷ್ಟು ಎಂದು ಕೂಲಿ. ಭಾನುವಾರದ ಲೆಕ್ಕದಲ್ಲಿ ಕೂಲಿ ಪಡೆಯುವ ಗುರುವಿಗೆ ಶಿಷ್ಯನು ಬೇಗ ಕಲಿಯಲೆಂಬ ಆತುರ ಇರಲು ಕಾರಣವಿಲ್ಲ.

ಮೊದಲ ದಿನ ಮನೆಯ ಗೇಟಿನ ಮುಂದೆ ಪಾಠ ಆರಂಭವಾಯಿತು. ಚಳಿಗೆ ಎಂಜಿನ್ನು ಕೆಮ್ಮುತ್ತಿತ್ತು. ಶಂಭುಲಿಂಗಪ್ಪನವರು ಮಂಕಿ ಟೋಪಿ ತೊಟ್ಟು ಸ್ಟಿಯರಿಂಗಿನ ಹಿಂದೆ ಕುಳಿತಿದ್ದರು.

“ಹಾಫ್ ಕ್ಲಚ್ ಬಿಡಿ ಸಾರ್. ಹಂಗೇ ಆಕ್ಸಿಲರೇಟರ್ ಕೊಡಿ.”

“ಹಾಫ್ ಅಂದ್ರೆ ಎಷ್ಟು?”

“ಹಾಫ್ ಅಂದ್ರೆ ಹಾಫ್ ಸಾರ್.”

“ಯಾವುದರ ಹಾಫು? ಪೂರ್ತಿ ಎಷ್ಟು ಅಂತ ಗೊತ್ತಿಲ್ದೆ ಅರ್ಧ ಎಷ್ಟು ಅಂತ ಹೇಗಪ್ಪ ಗೊತ್ತಾಗುತ್ತೆ?”

ಲಾರಿಗಳು ಬೈಲಪ್ಪನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಅವನು ತಲೆ ಕೆರೆದು, “ಕ್ಲಚ್ಚಿಂದು ಸಾರ್” ಎಂದ.

ಶಂಭುಲಿಂಗಪ್ಪನವರು ಒಳಗೆ ಹೋಗಿ ಅಡಿಕೋಲು ತಂದರು. ಪೆಡಲು ನೆಲದಿಂದ ಎಷ್ಟು ಎತ್ತರವಿದೆಯೆಂದು ಅಳೆದು, ಅದನ್ನು ಎರಡರಿಂದ ಭಾಗಿಸಿ, ಭಾಗಲಬ್ಧದ ಎತ್ತರಕ್ಕೆ ಸರಿಯಾಗಿ ಕಾಲನ್ನು ಎತ್ತಿದರು. ಕಾರು ಆಡಿನ ಮರಿಯಂತೆ ಒಮ್ಮೆ ನೆಗೆದು ಸತ್ತಿತು. ಮತ್ತೆ ಅಳೆದರು; ಮತ್ತೆ ನೆಗೆಯಿತು. ಎದುರು ಮನೆಯ ಕಾಂಪೌಂಡಿನ ಮೇಲೆ ತಲೆಗಳು ಕಾಣಿಸಿಕೊಂಡವು. ಅಂದು ಅವರು ಒಂದು ನಿರ್ಣಯಕ್ಕೆ ಬಂದರು: ದೋಷ ಅಡಿಕೋಲಿನದಲ್ಲ, ಭಾಗಾಕಾರದ್ದೂ ಅಲ್ಲ, ಊರಿನದು.

ಜಯನಗರದಲ್ಲಿ ಮಾರ್ಕೆಟ್ಟಿಗೆ ಹೋಗಿಬರುವಷ್ಟರಲ್ಲಿ ತಿರುವು ತಿರುವಿಗೂ ಕ್ಲಚ್ಚು ತುಳಿಯಬೇಕು. ಹೆದ್ದಾರಿಯಲ್ಲಾದರೆ ಹತ್ತು ಮೈಲಿಗೊಮ್ಮೆ ತುಳಿದರೆ ಹೆಚ್ಚು. ಆದ್ದರಿಂದ ಹೆದ್ದಾರಿಯಲ್ಲೇ ಕಲಿತರೆ ಕ್ಲಚ್ಚೆಂಬ ಅಲ್ಪಾಂಶವನ್ನು ಕೊನೆಗೆ ಇಟ್ಟುಕೊಳ್ಳಬಹುದು. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಯನ್ನು ಮೊದಲು ಬಿಡಿಸಬೇಕೆಂಬುದು ಅವರು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದ ನಿಯಮ.

ಹೀಗೆ ಆ ಚಳಿಗಾಲದ ಭಾನುವಾರಗಳೆಲ್ಲ ಕನಕಪುರ ರಸ್ತೆಗೆ ಸಂದವು. ಆ ದಾರಿ ಮಳವಳ್ಳಿಗೂ ಹೋಗುತ್ತಿದ್ದುದರಿಂದ, ಹೋಟೆಲಿನ ಖರ್ಚು ಉಳಿಯಲೆಂದು ಮಧ್ಯಾಹ್ನದ ಊಟ ಜಯದೇವಿಯ ಮನೆಯಲ್ಲಿ. ಸಾರಕ್ಕಿ, ಕೋಣನಕುಂಟೆಗಳನ್ನು ಬೈಲಪ್ಪ ದಾಟಿಸುತ್ತಿದ್ದ. ಮಂಜು ಕವಿದ ನೇರ ರಸ್ತೆ ಬಂದ ಮೇಲೆ ಶಂಭುಲಿಂಗಪ್ಪನವರು ಸ್ಟಿಯರಿಂಗಿಗೆ ಬರುತ್ತಿದ್ದರು. ಫಿಯಟ್ಟಿನ ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೆ ಒಂದೇ. ಗೇರಿನ ಕಡ್ಡಿಯೂ ಸ್ಟಿಯರಿಂಗಿನ ಎಡಕ್ಕೇ. ಬೈಲಪ್ಪ ಅವರಿಗೆ ಒತ್ತಿ ಕುಳಿತು, ತನ್ನ ಬಲಗಾಲನ್ನು ಚಾಚಿ ಕ್ಲಚ್ಚು ತುಳಿದು, ತನ್ನ ಬಲಗೈಯಿಂದ ಒಂದು, ಎರಡು, ಮೂರು, ನಾಲ್ಕು ಎಂದು ಗೇರು ಹಾಕಿಕೊಡುತ್ತಿದ್ದ. ಹಸೆಮಣೆಯ ಮೇಲೂ ವಧೂವರರು ಅಷ್ಟು ಒತ್ತಿ ಕೂರುವುದಿಲ್ಲ. ನಾಲ್ಕನೆಯ ಗೇರು ಬಿದ್ದ ಮೇಲೆ ಬೈಲಪ್ಪ ಕಾಲು ತೆಗೆದು ನಿದ್ದೆ ಮಾಡುತ್ತಿದ್ದ. ಶಂಭುಲಿಂಗಪ್ಪನವರು ಗಂಟೆಗೆ ನಲವತ್ತರ ವೇಗದಲ್ಲಿ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಕತ್ತು ನೆಟ್ಟಗೆ ಮಾಡಿಕೊಂಡು ಸಾಗುತ್ತಿದ್ದರು. ಎತ್ತಿನ ಗಾಡಿ ಕಂಡರೆ ಬೈಲಪ್ಪನನ್ನು ಎಬ್ಬಿಸುತ್ತಿದ್ದರು.

ಒಡತಿ ಹಿಂದಿನ ಸೀಟಿನಲ್ಲಿ ಫ್ಲಾಸ್ಕು ಹಿಡಿದು ಕುಳಿತಿರುತ್ತಿದ್ದರು.

“ಇವತ್ತು ನಾನು ಒಂಚೂರು?” ಎಂದು ಒಂದು ಭಾನುವಾರ ಕೇಳಿದರು.

“ಮಂಜಿದೆ.”

ಮುಂದಿನ ಭಾನುವಾರ ಮಂಜಿರಲಿಲ್ಲ.

“ಬಿಸಿಲು ಕಣ್ಣಿಗೆ ಹೊಡೀತಿದೆ.”

ಅದರ ಮುಂದಿನ ವಾರ ಮೋಡವಿತ್ತು. “ಸಂಕ್ರಾಂತಿ ಹತ್ರ ಬಂತು, ಕಬ್ಬಿನ ಗಾಡಿ ಜಾಸ್ತಿ” ಎಂದರು ಶಂಭುಲಿಂಗಪ್ಪನವರು. ಸಂಕ್ರಾಂತಿಯೂ ಆಯಿತು.

ಮಳವಳ್ಳಿಯಲ್ಲಿ ಜಯದೇವಿ ಜಗಲಿಯ ಮೇಲೆ ಕುಳಿತೇ ಕಾರನ್ನು ಎದುರುಗೊಳ್ಳುತ್ತಿದ್ದಳು. ಭಾವನವರು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ ಮೇಲೆ ಅವಳ ನಾಲಿಗೆಗೆ ಮೊಣಕಾಲಿನ ನೋವು ಇರುತ್ತಿರಲಿಲ್ಲ.

“ಕಾರು ನಿಂದು, ಕೂರೋದು ಹಿಂದೆ. ಇದೇನಕ್ಕ, ನೀನೇನು ಉತ್ಸವಮೂರ್ತಿನಾ?”

“ಅವರದು ಪೂರ್ತಿ ಆಗ್ಲಿ ಅಂತ.”

“ನಿನ್ನ ಲೈಸೆನ್ಸು ಮುಗಿಯೋದ್ರೊಳಗೆ ಆಗುತ್ತಾ?”

ಕಮಲಾದೇವಿಯವರು ಬೆರಳು ಮಡಿಸಿ ಎಣಿಸಿದರು. ಆಗ ಉಳಿದಿದ್ದುದು ಒಂದೇ ಭಾನುವಾರ. ಅದೇ ಜನವರಿ ಮೂವತ್ತೊಂದು.

ಅಂದು ಸಾತನೂರು ದಾಟಿದ ಮೇಲೆ ರಸ್ತೆ ಕಾಣಿಸಲಿಲ್ಲ. ಇದ್ದ ಜಾಗದಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಹುರುಳಿಯ ಬಳ್ಳಿ ಹರಡಿತ್ತು. ಆ ಸೀಮೆಯ ರೈತರಿಗೆ ಡಾಂಬರು ರಸ್ತೆಯೇ ಕಣ; ಹಾದುಹೋಗುವ ಲಾರಿ ಬಸ್ಸುಗಳೇ ಬೆಳೆ ತುಳಿಯುವ ಎತ್ತುಗಳು. ಸರ್ಕಾರ ರಸ್ತೆ ಹಾಕಿದ್ದಕ್ಕೆ ಪ್ರತ್ಯಕ್ಷವಾಗಿ ಕಂಡ ಪ್ರಯೋಜನ ಅದೊಂದೇ. ಶಂಭುಲಿಂಗಪ್ಪನವರು ನಾಲ್ಕನೆಯ ಗೇರಿನಲ್ಲಿಯೇ ಬಳ್ಳಿಯ ಮೇಲೆ ನುಗ್ಗಿದರು, ಗಾಬರಿಯಿಂದ ಬ್ರೇಕು ತುಳಿದರು, ಕ್ಲಚ್ಚನ್ನು ಮರೆತರು. ಕಾರು ಕಣದ ನಟ್ಟನಡುವೆ ನಿಂತಿತು.

ಬೈಲಪ್ಪ ಎಚ್ಚೆತ್ತು ಅಭ್ಯಾಸಬಲದಿಂದ ಕಾಲು ಚಾಚಿದ. ಆದರೆ ರಸ್ತೆಯ ಬದಿಯಲ್ಲಿ ನಾಲ್ಕಾರು ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

“ನಿನ್ನ ಕಾಲು ತೆಗಿ” ಎಂದರು ಶಂಭುಲಿಂಗಪ್ಪನವರು. “ಕಾರು ನಾನೇ ತೆಗೀತೀನಿ.”

ಕಾರು ನೆಗೆಯಿತು, ನಿಂತಿತು. ನೆಗೆಯಿತು, ನಿಂತಿತು. ಹೆಂಗಸರ ಗುಂಪಿನಿಂದ ಗೌರಮ್ಮ ಮುಂದೆ ಬಂದಳು. ಹುರುಳಿ ಅವಳದು.

“ಯಾಕ್ ಸಾಮಿ ನೆಗ್ದು ನೆಗ್ದು ನಿಲ್ತೀರಾ? ಸುಮ್ಕೆ ಮೆಲ್ಲಕೆ ನಡೀರಿ. ಬೆಳಗಿಂದ ಒಂದ್ ಲಾರಿ ಬಂದಿಲ್ಲ, ದಾರಿ ಕಾಯ್ತಾ ಕುಂತಿವ್ನಿ.”

“ನೋಡಮ್ಮ, ಸಾರ್ವಜನಿಕ ರಸ್ತೆ ಮೇಲೆ ಬೆಳೆ ಹರಡೋದು ಅಪರಾಧ.”

“ಅಪ್ರಾದವಾ? ಹಂಗಾರೆ ಬೇಗ ತುಳೀರಿ, ಬೇಗ ಎತ್ಕತೀನಿ.”

ಶಂಭುಲಿಂಗಪ್ಪನವರು ಕೆಳಗಿಳಿದು ಬಗ್ಗಿ ನೋಡಿದರು. ಬಳ್ಳಿ ಹಗ್ಗದಂತೆ ಹೊಸೆದುಕೊಂಡು ಚಕ್ರದ ಅಚ್ಚಿಗೆ ಸುತ್ತಿತ್ತು. ಟೋಪಿ ತೆಗೆದು, ಮೊಣಕಾಲೂರಿ, ಒಂದೊಂದೇ ಎಳೆಯನ್ನು ಬಿಡಿಸತೊಡಗಿದರು. ಅವರ ಕಣ್ಣಿಗೆ ಕಮಲಾದೇವಿಯವರ ಚಪ್ಪಲಿ ಕಾಣಿಸಿತು.

“ಇವತ್ತು ಮೂವತ್ತೊಂದು.”

“ಗೊತ್ತು.”

“ನಾಳೆಗೆ ನನ್ನ ಲೈಸೆನ್ಸು ಬರೀ ಕಾಗದ. ನಾನು ಕೂರ್ತೀನಿ.”

“ಎಂಜಿನ್ನೇ ಆಫ್ ಆಗಿದೆಯಲ್ಲ ಕಮಲ.”

“ಆಫ್ ಆಗಿರೋ ಕಾರಲ್ಲಿ ಕೂರೋಕೆ ಪೆಟ್ರೋಲ್ ಖರ್ಚಾಗಲ್ಲ.”

ಅವರು ಈ ವಾಕ್ಯವನ್ನು ಮನಸ್ಸಿನಲ್ಲೇ ಹಿಂದುಮುಂದಾಗಿ ಪರಿಶೀಲಿಸಿದರು. ತಪ್ಪು ಸಿಗಲಿಲ್ಲ.

“ಕೂತ್ಕೊ. ಏನೂ ಮುಟ್ಬೇಡ” ಎಂದರು.

ಬಳ್ಳಿಯೆಲ್ಲ ಬಿಡಿಸಿ ಅವರು ಎದ್ದು ನಿಂತು ಮಣ್ಣು ಕೊಡವುವಷ್ಟರಲ್ಲಿ ಎಂಜಿನ್ನು ಶಬ್ದ ಮಾಡಿತು. ಕಾರು ನೆಗೆದು ನಿಂತಿತು. ಕಮಲಾದೇವಿಯವರ ಕೈಯಲ್ಲೂ ಅದು ಅದೇ ಆಡಿನ ಮರಿ. ಎರಡನೆಯ ಸಲವೂ, ಮೂರನೆಯ ಸಲವೂ ಹಾಗೆಯೇ ಆಯಿತು. ಬೈಲಪ್ಪನಿಗೆ ಹಸಿವಾಗಿತ್ತು, ಮಳವಳ್ಳಿಯ ಊಟ ತಣ್ಣಗಾಗುತ್ತಿತ್ತು.

“ಮೇಡಂ, ಕಾಲು ಮೆತ್ತಗೆ ಎತ್ತಿ. ಕಾರು ಒಂಚೂರು ನಡುಗ್ತದೆ ನೋಡಿ, ಅಲ್ಲೇ ಹಿಡ್ಕೊಳಿ. ಅಷ್ಟೇ.”

ಶಂಭುಲಿಂಗಪ್ಪನವರು ಕಿಟಕಿಗೆ ಬಂದರು. “ಇದನ್ನ ನನಗೆ ಯಾಕೆ ಹೇಳ್ಲಿಲ್ಲ ನೀನು?”

“ನೀವು ಹಾಫ್ ಅಂದ್ರೆ ಎಷ್ಟು ಅಂತ ಕೇಳಿದ್ರಿ ಸಾರ್.”

ಕಾರು ನಡುಗಿತು, ನಡುಗುತ್ತಲೇ ನಡೆಯಿತು. ದೇವರ ಪಲ್ಲಕ್ಕಿಗಿಂತ ನಿಧಾನವಾಗಿ, ಚಕ್ರದ ಕೆಳಗೆ ಚಟಚಟನೆ ಕಾಯಿ ಒಡೆಯುವ ಸದ್ದಿನೊಡನೆ, ಅದು ಕಣದ ಆ ತುದಿಗೆ ತಲುಪಿತು. ಗೌರಮ್ಮ ಓಡಿಹೋಗಿ ಅಡ್ಡ ನಿಂತಳು.

“ಎಲ್ಲಿಗೆ ಹೊಂಟ್ಯವ್ವ? ಹಿಂದಕ್ ಬಾ. ಎಡಗಡೆ ಅಂಚು ಹಂಗೇ ಉಳೀತು.”

“ರಿವರ್ಸ್ ಬರಲ್ಲ ನಂಗೆ.”

“ಮುಂದಕ್ ಬಂದೋಳಿಗೆ ಹಿಂದಕ್ ಬರಾಕಿಲ್ವಾ? ಬಾ ಬಾ.”

ಕಮಲಾದೇವಿಯವರು ಹಿಂದಕ್ಕೆ ಬಂದರು, ಸೊಟ್ಟಕ್ಕೆ. ಮುಂದಕ್ಕೆ ಹೋದರು. ಎಡದ ಅಂಚು, ಬಲದ ಅಂಚು, ನಡುವಿನ ದಿಬ್ಬ. ಲಾರಿಗಳು ಒಮ್ಮೆ ತುಳಿದು ಹೋಗಿಬಿಡುತ್ತವೆ. ಹೇಳಿದಲ್ಲಿಗೆ ಹೋಗಿ ಕರೆದಲ್ಲಿಗೆ ಬರುವ ವಾಹನ ಗೌರಮ್ಮನಿಗೆ ದೊರೆತದ್ದು ಅದೇ ಮೊದಲು. ಶಂಭುಲಿಂಗಪ್ಪನವರು ರಸ್ತೆಯ ಬದಿಯಲ್ಲಿ ನಿಂತು, ಒಂದನೆಯ ಗೇರಿನಲ್ಲಿ ಖರ್ಚಾಗುವ ಪೆಟ್ರೋಲನ್ನು ತ್ರೈರಾಶಿಯಿಂದ ಲೆಕ್ಕಹಾಕುತ್ತಿದ್ದರು. ಗೌರಮ್ಮ ಅವರ ಕೈಗೆ ಒಂದು ಕವೆಗೋಲು ಕೊಟ್ಟಳು.

“ಸುಮ್ನೆ ನಿಂತವ್ರಲ್ಲ, ಕಾರು ಅತ್ಲಾಗ್ ಹೋದಾಗ ಬಳ್ಳಿ ತಿರುವಾಕಿ.”

ಸುಮ್ಮನೆ ನಿಲ್ಲುವುದು ಕಾಲದ ಅಪವ್ಯಯವೆಂದು ಅವರೇ ಅನೇಕ ಗುಮಾಸ್ತರಿಗೆ ಬೋಧಿಸಿದ್ದರು. ಅವರು ತಿರುವಿಹಾಕಿದರು. ಹೊಟ್ಟು ಕನ್ನಡಕದ ಮೇಲೆ ಕುಳಿತಿತು.

ಕೆಲಸ ಮುಗಿದ ಮೇಲೆ ಗೌರಮ್ಮ ಮೊರದಲ್ಲಿ ಹುರುಳಿ ಕೇರಿ ತಂದು ಕಮಲಾದೇವಿಯವರ ಸೆರಗಿಗೆ ಸುರಿದಳು. “ನಿನ್ ಕೂಲಿ ಕಣವ್ವ.”

“ಸಾರ್‌ಗೆ?” ಎಂದ ಬೈಲಪ್ಪ.

“ಅವ್ರು ಇನ್ನೂ ಕಲೀತಾವ್ರೆ.”

ಶಂಭುಲಿಂಗಪ್ಪನವರು ಸ್ಟಿಯರಿಂಗಿನ ಕಡೆಯ ಬಾಗಿಲು ತೆರೆದು ಕಾದರು. ಕಮಲಾದೇವಿಯವರು ಸರಿಯಲಿಲ್ಲ, ಸೆರಗಿನ ಗಂಟನ್ನು ಬೈಲಪ್ಪನ ಕೈಗೂ ಕೊಡದೆ ಮಡಿಲಲ್ಲೇ ಇಟ್ಟುಕೊಂಡು ಮುಂದೆ ನೋಡುತ್ತಿದ್ದರು. ಅವರಿಗೆ ಆಗ ಬರುತ್ತಿದ್ದುದು ಒಂದನೆಯ ಗೇರು ಮತ್ತು ರಿವರ್ಸು. ಯಜಮಾನರಿಗೆ ಬರುತ್ತಿದ್ದುದು ನಾಲ್ಕನೆಯದು. ಎರಡು ಮತ್ತು ಮೂರು ಆ ಕುಟುಂಬದಲ್ಲಿ ಯಾರಿಗೂ ಬರುತ್ತಿರಲಿಲ್ಲ.

“ಹಿಂದೆ ಕೂತ್ಕೊಳಿ” ಎಂದರು ಅವರು. “ಫ್ಲಾಸ್ಕು ಅಲ್ಲೇ ಇದೆ.”

ಎರಡನೆಯ ಗೇರನ್ನು ಅವರು ಹಲಗೂರಿನ ಹತ್ತಿರ ಕಲಿತರು, ಮೂರನೆಯದನ್ನು ಮಳವಳ್ಳಿಯ ಸಮೀಪದಲ್ಲಿ. ಹಿಂದಿನಿಂದ ಬಂದ ಬಸ್ಸುಗಳೆಲ್ಲ ಹಾರನ್ ಹೊಡೆದು ಬೈದು ಮುಂದೆ ಹೋದವು. ಊಟದ ಹೊತ್ತು ಮೀರಿ ಬಹಳವಾಗಿತ್ತು.

ತಂಗಿಯ ಜಗಲಿಯ ಮೇಲೆ ಎಲೆಯಡಿಕೆಯ ಹೊತ್ತಿನಲ್ಲಿ ಕಮಲಾದೇವಿಯವರು ಲೆಕ್ಕ ತೆಗೆದರು.

“ಒಟ್ಟು ಒಂಬತ್ತು ಭಾನುವಾರ. ಎಂಟು ನಿಮ್ದು, ಒಂದು ನಂದು. ಇನ್ನು ಏಳು ನಂಗೆ ಬರಬೇಕು.”

“ಲೈಸೆನ್ಸೇ ಇವತ್ತಿಗೆ ಮುಗೀತಲ್ಲಕ್ಕ, ಇನ್ನೆಲ್ಲಿಯ ಬಾಕಿ?” ಎಂದಳು ಜಯದೇವಿ, ಭಾವನವರ ಮುಖ ನೋಡುತ್ತ.

ತಪ್ಪಿಸಿಕೊಳ್ಳಲು ಇದಕ್ಕಿಂತ ಅಗಲವಾದ ಬಾಗಿಲು ಬೇಕಾಗಿರಲಿಲ್ಲ. ಆದರೆ ಕಿವಿಗೆ ಬಿದ್ದ ತಪ್ಪು ಮೊತ್ತವನ್ನು ತಿದ್ದದೆ ಬಿಡುವ ಶಕ್ತಿ ಶಂಭುಲಿಂಗಪ್ಪನವರಿಗೆ ಇರಲಿಲ್ಲ.

“ತಪ್ಪು” ಎಂದರು. “ಇವತ್ತು ಅರ್ಧ ದಾರಿ ನಾನು ಓಡ್ಸಿದ್ದೀನಿ. ನನ್ನದು ಎಂಟೂವರೆ, ನಿನ್ನದು ಅರೆ. ಬಾಕಿ ಏಳಲ್ಲ. ಎಂಟು.”

ಹೇಳಿದ ಮೇಲೆ ಏನು ಹೇಳಿದೆನೆಂದು ಅವರಿಗೆ ತಿಳಿಯಿತು. ಆಡಿದ ಅಂಕಿಯನ್ನು ಅವರು ಹಿಂದಕ್ಕೆ ತೆಗೆದುಕೊಂಡವರಲ್ಲ.

ಮರುದಿನ ಸೋಮವಾರ ಅವರು ಬಸ್ಸಿನಲ್ಲಿ ಹೋಗಿ ಕಲಿಕಾ ಲೈಸೆನ್ಸಿನ ಸಾಲಿನಲ್ಲಿ ನಿಂತು, ಒಂದೇ ಅರ್ಜಿಗೆ ಶುಲ್ಕ ಕಟ್ಟಿ ಬಂದರು. ಅದು ಕಮಲಾದೇವಿಯವರದು. ತಮ್ಮ ಸರದಿಗೆ ಇನ್ನೂ ಎಂಟು ಭಾನುವಾರ ಇದ್ದುದರಿಂದ ತಮ್ಮದಕ್ಕೆ ಈಗಲೇ ಖರ್ಚು ಮಾಡುವ ಅಗತ್ಯವಿರಲಿಲ್ಲ.